ಹೂಂ ಅಂದವಳ ಮಗಳು

ಜುಲೈ 2

ಅಮ್ಮಾ,

ಪೂರ್ತಿ ಓದಿ ಆಮೇಲೆ ಬೈ. ನಾನು ಲೆಕ್ಕಪತ್ರದ ಕೋರ್ಸಿಗೆ ಸೇರಿಲ್ಲ. ಸೇರುತ್ತೇನೆಂದು ನಿನ್ನ ಹತ್ತಿರ ಹೇಳಿ ಬಂದವಳು, ಕೌಂಟರಿನ ಮುಂದೆ ನಿಂತಾಗ ತರ್ಕಶಾಸ್ತ್ರ ಮತ್ತು ಇತಿಹಾಸ ಎಂದು ಬರೆದುಕೊಟ್ಟೆ. ಮೂರು ವರ್ಷ ಇದನ್ನು ಓದುತ್ತೇನೆ, ಆಮೇಲೆ ಕಾನೂನು ಕಾಲೇಜು. ನಾನು ವಕೀಲೆ ಆಗುತ್ತೇನೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದೆಂದರೆ ಗೋಡೆಯ ಜೊತೆ ಮಾತಾಡಿದ ಹಾಗೆ. ನಾನು ಹೇಳುತ್ತಾ ಹೋಗುತ್ತೇನೆ, ಆ ಕಡೆ ಉಸಿರೂ ಇರುವುದಿಲ್ಲ. "ಅಮ್ಮಾ, ಇದ್ದೀಯಾ?" ಅಂದರೆ "ಕೇಳಿಸ್ತಾ ಇದೆ, ಹೇಳು" ಅನ್ನುತ್ತೀಯ. ನಿನ್ನ ಟ್ಯಾಕ್ಸಿ ಕಂಪನಿಗೆ ಗಾಡಿ ಕೇಳಿ ಫೋನ್ ಮಾಡುವ ಗಿರಾಕಿಗೂ ನನಗೂ ವ್ಯತ್ಯಾಸವೇ ಇಲ್ಲ. ಒಂದು ಹೂಂ ಅನ್ನುವುದಕ್ಕೆ ನಿನಗೇನು ಕಷ್ಟ ಅಂತ ನಾನು ಕೇಳುವುದಿಲ್ಲ. ಕಷ್ಟ ಏನೆಂದು ಇಬ್ಬರಿಗೂ ಗೊತ್ತು. ಅದಕ್ಕೇ ಕಾಗದ.

ಹೊಸಬರಿಗೆ ದಾರಿ ತೋರಿಸಲು ಇಲ್ಲೊಬ್ಬರು ಸಲಹೆಯ ಮೇಡಂ ಇದ್ದಾರೆ. ಮೇಜಿನ ಮೇಲೆ ಗಾಜಿನ ಡಬ್ಬಿ ತುಂಬ ಪೆಪ್ಪರಮಿಂಟು ಇಟ್ಟುಕೊಂಡು, ಅತ್ತವರಿಗೆ ಒಂದು, ನಕ್ಕವರಿಗೆ ಎರಡು ಕೊಡುತ್ತಾರೆ. "ಲಾ ಓದೋಕೆ ಇಂಥದ್ದೇ ವಿಷಯ ಓದಿರಬೇಕು ಅಂತೇನಿಲ್ಲಮ್ಮ. ಯಾವುದ್ರಲ್ಲಿ ಒಳ್ಳೇ ಅಂಕ ಬರುತ್ತೋ ಅದನ್ನ ತಗೋ. ಕೈಗೆ ಸಿಕ್ಕಿದ್ದೆಲ್ಲ ಓದು. ಎದ್ದು ನಿಂತು ಮಾತಾಡೋದು ಕಲಿ. ಹಿಂದಿನ ಬೆಂಚಲ್ಲಿ ಅಡಗಿ ಕೂರಬೇಡ, ನಾಳೆ ನಿನ್ನ ಬಗ್ಗೆ ನಾಲ್ಕು ಒಳ್ಳೇ ಮಾತು ಬರೆದುಕೊಡೋರು ಬೇಕಾಗ್ತಾರೆ" ಅಂದರು. ಕೊನೆಗೆ ಒಂದು ಹಾಳೆ ಕೊಟ್ಟು, ಯಾಕೆ ವಕೀಲೆ ಆಗಬೇಕೆಂದು ಒಂದು ಪುಟ ಬರೆದುಕೊಂಡು ಬಾ ಅಂದರು. ನಾನು ಅಲ್ಲೇ ನಿಂತು ಒಂದೇ ಸಾಲು ಬರೆದೆ. "ಒಬ್ಬನಿಗೆ ಮಣ್ಣು ಮುಕ್ಕಿಸಬೇಕು." ಮೇಡಂ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಕಾರಣ ಏನೋ ಗಟ್ಟಿಯಾಗಿದೆ. ಆದ್ರೆ ಆಯ್ಕೆ ಸಮಿತಿಯೋರಿಗೆ ನ್ಯಾಯ, ಸಮಾಜ ಅಂತೆಲ್ಲ ಬೇಕಾಗುತ್ತಲ್ಲ ಮರಿ" ಅಂದು ಎರಡು ಪೆಪ್ಪರಮಿಂಟು ಕೊಟ್ಟರು. ನಾನು ನಕ್ಕೇ ಇರಲಿಲ್ಲ.

ಯಾರಿಗೆ ಮಣ್ಣು ಮುಕ್ಕಿಸಬೇಕೆಂದು ನಿನಗೆ ಹೇಳಬೇಕಾಗಿಲ್ಲ. ಈ ಕಾಲೇಜಿನಲ್ಲಿ ಕಾನೂನು ಓದಬೇಕೆನ್ನುವವರ ಬಳಗ ಒಂದಿದೆ. ಪ್ರತಿ ಶನಿವಾರ ಹೊರಗಿನಿಂದ ಒಬ್ಬ ಹಿರಿಯ ವಕೀಲ ಬಂದು ಪಾಠ ಹೇಳುತ್ತಾನೆ. ಯಾರು ಗೊತ್ತಾ? ನಮ್ಮ ಕರಿಕೋಟು. ಅಪ್ಪ ಸತ್ತ ಮೇಲೆ ಲಾಂಡ್ರಿ ಕಂಪನಿಯ ಪರವಾಗಿ ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದನಲ್ಲ, ಅವನೇ. ಹತ್ತಿರದಲ್ಲೇ ಬೇರೆ ಕಾಲೇಜು ಇದ್ದರೂ ನಾನು ಇದಕ್ಕೇ ಯಾಕೆ ಹಟ ಹಿಡಿದೆ ಅಂತ ಈಗ ತಿಳಿಯಿತಾ? ನಾನು ಯಾರೆಂದು ಅವನಿಗೆ ಗೊತ್ತಿಲ್ಲ. ಅವನಿಂದಲೇ ಕಲಿತು, ಅವನೆದುರೇ ನಿಂತು, ಅವನು ತಲೆ ತಗ್ಗಿಸುವ ಹಾಗೆ ಮಾಡದಿದ್ದರೆ ನಾನು ಅಪ್ಪನ ಮಗಳೇ ಅಲ್ಲ.

ಈಗ ಬೈ.

ನಿನ್ನ ಜಗಳಗಂಟಿ


ಜುಲೈ 10

ಜಗಳಗಂಟಿ,

ನಿನಗೆ ತಲೆ ನೆಟ್ಟಗಿದೆಯಾ? ನಾನಿಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು ದಿನವಿಡೀ ಕಂಡವರ ಹತ್ತಿರ ಗಾಡಿ ಯಾಕೆ ತಡವಾಯಿತು ಅಂತ ಬೈಸಿಕೊಳ್ಳುವುದು ನೀನು ಹೋಗಿ ಹುಲಿಯ ಬೋನಿನಲ್ಲಿ ಕೂರಲಿ ಅಂತಲಾ? ಲೆಕ್ಕಪತ್ರ ಓದಿದ್ದರೆ ಯಾರ ಹಂಗೂ ಇಲ್ಲದೆ ನೆರಳಲ್ಲಿ ಕೂತು ದುಡಿಯಬಹುದಿತ್ತು.

ನೀನು ಅಜ್ಜಿ ಹೇಳಿದ್ದನ್ನು ಕೇಳಿ ಬೆಳೆದವಳು. ಅಜ್ಜಿ ಅವತ್ತು ಕೋರ್ಟಿಗೆ ಬಂದಿರಲೇ ಇಲ್ಲ. ನಡೆದದ್ದನ್ನು ನಾನು ಹೇಳುತ್ತೇನೆ. ಒಂದೇ ಸಲ. ಮತ್ತೆ ಕೇಳಬೇಡ.

ನಿನ್ನಪ್ಪ ಬಟ್ಟೆ ಹಿಂಡುವ ದೊಡ್ಡ ಡ್ರಮ್ಮಿನ ಮೇಲೆ ಕೆಲಸಕ್ಕಿದ್ದರು. ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಡ್ರಮ್ಮಿನ ಬಾಗಿಲಿಗೆ ಒಂದು ಕೊಂಡಿ ಇರುತ್ತದೆ. ಬಾಗಿಲು ತೆರೆದಿರುವಾಗ ಡ್ರಮ್ಮು ತಿರುಗಕೂಡದು, ಕೊಂಡಿ ಇರುವುದು ಅದಕ್ಕೇ. ಕೆಲಸ ನಿಧಾನವಾಗುತ್ತದೆ ಅಂತ ಮೇಲಿನವರು ಅದನ್ನು ಬಿಚ್ಚಿಸಿ ಇಟ್ಟಿದ್ದರು. ಅಲ್ಲಿ ದುಡಿಯುವವರಿಗೆಲ್ಲ ಅದು ಗೊತ್ತಿತ್ತು, ಕೆಲಸ ಹೋದೀತೆಂದು ಯಾರೂ ಬಾಯಿ ಬಿಡಲಿಲ್ಲ. ಒಳಗೆ ಸಿಕ್ಕಿಕೊಂಡ ಹಾಸಿಗೆ ಬಟ್ಟೆ ಎಳೆಯಲು ನಿನ್ನಪ್ಪ ಬಗ್ಗಿದಾಗ ಡ್ರಮ್ಮು ತಿರುಗಿತು.

ಕೋರ್ಟಿನಲ್ಲಿ ಆ ಕರಿಕೋಟು ನನ್ನ ಜೊತೆ ಬಹಳ ಮೆತ್ತಗೆ ಮಾತಾಡಿದ. "ನೀರು ಬೇಕೇನಮ್ಮ?" ಅಂತ ಕೇಳಿ ಲೋಟ ತಾನೇ ತಂದುಕೊಟ್ಟ. ಇಂಥ ಒಳ್ಳೆಯವನು ಎದುರು ಪಕ್ಷದಲ್ಲಿದ್ದಾನಲ್ಲ ಅಂತ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು. "ನಿಮ್ಮ ಯಜಮಾನ್ರು ಚುರುಕಿನ ಮನುಷ್ಯ" ಅಂದ. ನಾನು ಹೂಂ ಅಂದೆ. "ಸಂಜೆ ಮಗಳ ಜೊತೆ ಆಟ ಆಡಬೇಕು ಅಂತ ಕೆಲಸ ಬೇಗ ಮುಗಿಸೋರು." ಹೂಂ ಅಂದೆ. "ಆ ಕೊಂಡಿ ಇದ್ರೆ ಕೆಲಸ ತಡ ಆಗ್ತಿತ್ತು." ಹೂಂ. "ಅದಕ್ಕೇ ಅದನ್ನ ಅವರೇ ಬಿಚ್ಚಿಟ್ರು." ಹೂಂ ಅಂದೆ, ಅಂದು 'ಆಮೇಲೆ?' ಅನ್ನುವ ಹಾಗೆ ಅವನ ಮುಖ ನೋಡಿದೆ.

ಎದುರಿಗಿರುವವರು ಮಾತಾಡುವಾಗ ನಾವು ಹೂಂ ಅನ್ನುವುದು ಯಾಕೆ ಹೇಳು? ಕೇಳುತ್ತಿದ್ದೇನೆ, ಮುಂದೆ ಹೇಳು ಅಂತ. ಅವನು ಮಾತು ಮುಗಿಸಲಿ, ಆಮೇಲೆ ಪ್ರಶ್ನೆ ಅಂತ ಒಂದು ಕೇಳುತ್ತಾನಲ್ಲ, ಆಗ "ಇಲ್ಲ ಸ್ವಾಮಿ, ಬಿಚ್ಚಿಸಿದ್ದು ಮೇಲಿನವರು" ಅನ್ನೋಣ ಅಂತ ಬಾಯಲ್ಲಿ ಮಾತು ಇಟ್ಟುಕೊಂಡು ಕಾಯುತ್ತಿದ್ದೆ. ಅವನು ಪ್ರಶ್ನೆಯನ್ನೇ ಕೇಳಲಿಲ್ಲ. "ಅಷ್ಟೇ" ಅಂದು ಕೂತುಬಿಟ್ಟ. ಬರೆದುಕೊಳ್ಳುವವನು ಬರೆದುಕೊಂಡ, ಸಾಕ್ಷಿ ಒಪ್ಪಿದ್ದಾರೆ ಅಂತ. ನಾನು ಅಯ್ಯೋ ಇಲ್ಲ ಅಂತ ಬಾಯಿ ತೆರೆಯುವಷ್ಟರಲ್ಲಿ ನಮ್ಮ ವಕೀಲನೇ "ಸುಮ್ನಿರಮ್ಮ, ಈಗ ಮಾತಾಡಿದ್ರೆ ಇನ್ನೂ ಕೆಡುತ್ತೆ" ಅಂದ. ತೀರ್ಪಿನಲ್ಲಿ ಹಾಗೇ ಬಂತು. ಕೊಂಡಿ ಬಿಚ್ಚಿದ್ದು ಸತ್ತವನೇ, ಅವನ ಹೆಂಡತಿಯೇ ಒಪ್ಪಿದ್ದಾಳೆ.

"ಕಂಪನಿಯೋರು ನನ್ನ ಮಗನ್ನ ಒಂದ್ಸಲ ಕೊಂದ್ರು, ನೀನು ಹೂಂ ಅಂತ ಇನ್ನೊಂದ್ಸಲ ಕೊಂದೆ" ಅಂತ ಅಜ್ಜಿ ಅಂದಳು. ಅವಳು ಸಾಯುವ ತನಕ ನನ್ನ ಕೈಯ ನೀರು ಕುಡಿಯಲಿಲ್ಲ. ಅವತ್ತು ಬಾಯಿಗೆ ಬೀಗ ಹಾಕಿದೆ. ನೀನು ಮಗುವಾಗಿದ್ದಾಗ ಶಾಲೆಯ ಸುದ್ದಿ ಹೇಳುತ್ತಾ ಹೇಳುತ್ತಾ "ಅಮ್ಮಾ, ಹೂಂ ಅನ್ನೇ" ಅಂತ ನನ್ನ ಗಲ್ಲ ಹಿಡಿದು ಅಲ್ಲಾಡಿಸುತ್ತಿದ್ದೆ. ಬರಲಿಲ್ಲ, ಏನು ಮಾಡಲಿ.

ಅಂಥವನ ನೆರಳು ನಿನ್ನ ಮೇಲೆ ಬೀಳುವುದು ಬೇಡ. ಕೋರ್ಸು ಬದಲಾಯಿಸಿಕೊ.

ಅಮ್ಮ


ಜುಲೈ 17

ಅಮ್ಮಾ,

ಬದಲಾಯಿಸುವುದಿಲ್ಲ.

ನಿನ್ನ ಕಾಗದ ಓದಿ ಹಲ್ಲು ಕಡಿದದ್ದಕ್ಕೆ ಇನ್ನೂ ದವಡೆ ನೋಯುತ್ತಿದೆ. ನೀರು ತಂದುಕೊಟ್ಟನಂತೆ, ನೀರು! ಅಜ್ಜಿ ನನಗೆ ಅದನ್ನು ಹೇಳಿರಲಿಲ್ಲ. ಬಳಗಕ್ಕೆ ಹೆಸರು ಕೊಟ್ಟಾಯಿತು. ಈ ಶನಿವಾರದಿಂದ ಶುರು.

ಮೊಂಡಿ, ಜಗಳಗಂಟಿ, ಇನ್ನೇನು ಬೇಕಾದರೂ ಅನ್ನು


ಆಗಸ್ಟ್ 21

ಅಮ್ಮಾ,

ನೀನು ಉತ್ತರ ಬರೆಯದಿದ್ದರೂ ನಾನು ಬರೆಯುತ್ತೇನೆ.

ನಮ್ಮ ಹಾಸ್ಟೆಲ್ ಕೋಣೆಗೆ ಕಿಟಕಿ ಒಂದೇ. ಅದರ ಕೆಳಗೆ ಸೈಕಲ್ ನಿಲ್ಲಿಸುವ ಜಾಗ, ಬೆಳಗಾದರೆ ಗಂಟೆಗಳ ಗದ್ದಲ. ಜೊತೆಗಿರುವವಳನ್ನು ಎಲ್ಲರೂ ಗುಬ್ಬಿ ಅನ್ನುತ್ತಾರೆ. ಅವಳಿಗೆ ಮಾತಾಡಿದರೆ ಭಯ, ಮಾತಾಡದಿದ್ದರೂ ಭಯ. ಅವಳೂ ಬಳಗಕ್ಕೆ ಸೇರಿದ್ದಾಳೆ. ಯಾಕೇ ಅಂದರೆ "ಭಯ ಹೋಗಲಿ ಅಂತ" ಅನ್ನುತ್ತಾಳೆ. ನಾನು ಏನು ಹೇಳಿದರೂ ಹೂಂ, ಹೂಂ ಅಂತ ಕೇಳುತ್ತಾಳೆ. ನನಗೆ ಅದು ಎಷ್ಟು ಹಿತ ಅಂದರೆ ಸುಮ್ಮಸುಮ್ಮನೆ ಏನಾದರೂ ಹೇಳುತ್ತಿರುತ್ತೇನೆ. ನಿನಗೆ ನೋವಾಗಲಿ ಅಂತ ಬರೆದದ್ದಲ್ಲ.

ಕರಿಕೋಟು ಚೆನ್ನಾಗಿ ಪಾಠ ಮಾಡುತ್ತಾನೆ. ಇದನ್ನು ಬರೆಯಲು ಇಷ್ಟವಿಲ್ಲ, ಆದರೂ ಸುಳ್ಳು ಹೇಳಲಾರೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ. "ಸಾಕ್ಷಿಯನ್ನ ಬೈದು ಗೆಲ್ಲೋನು ದಡ್ಡ. ಸಾಕ್ಷಿ ನಿಮ್ಮನ್ನ ಇಷ್ಟಪಡಬೇಕು" ಅನ್ನುತ್ತಾನೆ. ನಾನು ಮೊದಲ ಬೆಂಚಿನಲ್ಲಿ ಕೂತು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತೇನೆ. ಮೊನ್ನೆ ನಮ್ಮನ್ನೆಲ್ಲ ಕೋರ್ಟಿಗೆ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿಸಿದ. ಬಾಗಿಲಲ್ಲಿ ಒಬ್ಬ ಮುದುಕಿ ಮಗನ ತೋಳು ಹಿಡಿದು ನಿಂತಿದ್ದಳು. ನನಗೆ ಕಟಕಟೆಯಲ್ಲಿ ನೀನೇ ಕಾಣುತ್ತಿದ್ದೆ. ಹೊರಗೆ ಬಂದ ಮೇಲೆ ಅವನೊಡನೆ ಒಂದು ವಾದಕ್ಕೆ ಬಿದ್ದೆ, ಬಿಡಲೇ ಇಲ್ಲ. "ಈ ಹುಡುಗಿ ಕಚ್ತಾಳೆ ಕಣ್ರೋ" ಅಂತ ಎಲ್ಲರೆದುರು ಹೊಗಳಿದ.

ಅವನ ಸಹಿಗೆ ಇಲ್ಲಿ ಬಹಳ ಬೆಲೆ ಅಂತೆ. ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ರಜೆಯಲ್ಲಿ ತನ್ನ ಆಫೀಸಿಗೆ ಸೇರಿಸಿಕೊಳ್ಳುತ್ತಾನೆ. ಕಾನೂನು ಕಾಲೇಜಿನ ಆಯ್ಕೆ ಸಮಿತಿಯಲ್ಲೂ ಅವನೇ ಕೂರುತ್ತಾನೆ. ಸಲಹೆಯ ಮೇಡಂ "ಅವರ ಕಣ್ಣಿಗೆ ಬಿದ್ದಿದ್ದೀಯ, ಇನ್ನೇನು ಬೇಕು" ಅಂದರು. ಬೀಳುತ್ತೇನೆ, ಕಣ್ಣಿಗೆ ಕಸ ಬಿದ್ದ ಹಾಗೆ.

ಜಗಳಗಂಟಿ


ಆಗಸ್ಟ್ 30

ಜಗಳಗಂಟಿ,

ಕೋಪ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ. ಚಳಿಗೆ ಹೊದಿಕೆ ಕಳಿಸಿದ್ದೇನೆ, ಗುಬ್ಬಿಗೂ ಒಂದಿದೆ. ಇಲ್ಲಿ ಡ್ರೈವರುಗಳು ನನಗೆ "ಕೇಳಿಸ್ತಾಯಿದೆ ಮೇಡಂ" ಅಂತಲೇ ಹೆಸರಿಟ್ಟಿದ್ದಾರೆ. ಹೊಸದಾಗಿ ಸೇರಿದವನು ಅದೇ ನನ್ನ ನಿಜವಾದ ಹೆಸರು ಅಂದುಕೊಂಡು "ಕೇಳಿಸ್ತಾಯಿದೆ ಅವರೇ, ನಮಸ್ಕಾರ" ಅಂದ. ಬಹಳ ದಿನದ ಮೇಲೆ ನಕ್ಕೆ.

ಆ ಕರಿಕೋಟಿಗೆ ವಯಸ್ಸಾಗಿದೆಯಾ? ಕೂದಲು ಬೆಳ್ಳಗಾಗಿದೆಯಾ? ಆರೋಗ್ಯವಾಗಿದ್ದಾನಾ? ಸುಮ್ಮನೆ ಕೇಳಿದೆ.

ಅಮ್ಮ


ಸೆಪ್ಟೆಂಬರ್ 23

ಅಮ್ಮಾ,

ಇದನ್ನು ನಿನಗೆ ಬರೆಯಬೇಕೋ ಬೇಡವೋ ಅಂತ ಮಧ್ಯಾಹ್ನದಿಂದ ಒದ್ದಾಡಿದೆ. ಬರೆಯದಿದ್ದರೆ ನನ್ನ ಸಿಟ್ಟು ಆರುವುದಿಲ್ಲ.

ಇವತ್ತು ಅವನು ತರಗತಿಯಲ್ಲಿ ನಿನ್ನ ಕಥೆ ಹೇಳಿದ. ವರ್ಷಾ ವರ್ಷಾ ಹೇಳುತ್ತಾನಂತೆ, ದೊಡ್ಡ ತರಗತಿಯವರು ಮೊದಲೇ ಮುಸಿಮುಸಿ ನಗುತ್ತಾ ಕಾಯುತ್ತಿದ್ದರು. "ಹೂಂ ಸಾಕ್ಷಿ" ಅಂತ ಅದಕ್ಕೆ ಹೆಸರು. ಎದ್ದು ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡ ಹಾಗೆ ಅಭಿನಯಿಸಿ, ಕಣ್ಣು ಪಿಳಿಪಿಳಿ ಬಿಡುತ್ತಾ, ಮೂಗಿನಲ್ಲಿ "ಹೂಂ... ಹೂಂ..." ಅಂತ ನಿನ್ನ ಹಾಗೆ ಮಾಡಿದ. "ಗಂಡನ್ನ ನಾಲ್ಕೇ ಹೂಂನಲ್ಲಿ ಬರೆದುಕೊಟ್ಟುಬಿಟ್ಳು ಮಹಾತಾಯಿ! ನಾನು ಪ್ರಶ್ನೇನೇ ಕೇಳ್ಲಿಲ್ಲ ಕಣ್ರಯ್ಯ! ಕೊನೇ ಹೂಂ ಅಂದು 'ಆಮೇಲೆ?' ಅಂತ ನನ್ನ ಮುಖ ನೋಡ್ತಾಳೆ, ನಾನೇನೋ ಕಥೆ ಹೇಳ್ತಿದ್ದೀನಿ ಅನ್ನೋ ಹಾಗೆ!" ಅಂದ. ಇಡೀ ತರಗತಿ ಬೆಂಚು ಕುಟ್ಟಿ ನಕ್ಕಿತು.

ಕೇಳಿದೆಯಾ ಅಮ್ಮಾ? ನೀನು 'ಆಮೇಲೆ?' ಅಂತ ಕಾಯುತ್ತಿದ್ದೆ ಅನ್ನುವುದು ಅವನಿಗೆ ಗೊತ್ತಿತ್ತು. ಅವತ್ತೇ ಗೊತ್ತಿತ್ತು. ನೀನು ಒಪ್ಪಿಕೊಳ್ಳಲಿಲ್ಲವೆಂದು ಗೊತ್ತಿದ್ದೂ "ಅಷ್ಟೇ" ಅಂದು ಕೂತ.

ನಿನ್ನ ಮಗಳು


ಸೆಪ್ಟೆಂಬರ್ 29

ಎಷ್ಟು ಜನ ನಕ್ಕರು?

ನೀನೂ ನಕ್ಕೆಯಾ?

ಅಮ್ಮ


ಅಕ್ಟೋಬರ್ 15

ಅಮ್ಮಾ,

ನಕ್ಕೆ.

ಮೊದಲ ಬೆಂಚಿನಲ್ಲಿ ಕೂತವಳು ನಗದಿದ್ದರೆ ಅವನು ಯಾಕೆ ಅಂತ ಕೇಳುತ್ತಿದ್ದ. ಕೇಳಿದ್ದರೆ ನಾನು ಬಾಯಿಬಿಡುತ್ತಿದ್ದೆ. ತುಟಿ ಎಳೆದು ಹಲ್ಲು ತೋರಿಸಿದೆ, ಅಷ್ಟೇ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ಗುಬ್ಬಿ ಬಾಗಿಲ ಹೊರಗೇ ನಿಂತಿದ್ದಳು. ಅವಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ಮೊದಲ ಸಲ ಹೂಂ ಅನ್ನದೆ ಸುಮ್ಮನೆ ಕೇಳಿದಳು.

ನನ್ನನ್ನು ಬೈದಾದರೂ ಬರೆ.

ನಿನ್ನ ಮಗಳು


ನವೆಂಬರ್ 19

ಅಮ್ಮಾ,

ಒಂದು ಸಾಲು ಬರೆಯಬಾರದಾ? ಫೋನ್ ಮಾಡಿದರೆ "ನಮ್ಮ ಎಲ್ಲಾ ಗಾಡಿಗಳೂ ಹೊರಗೆ ಹೋಗಿವೆ" ಅಂದು ಇಟ್ಟುಬಿಟ್ಟೆ. ನಾನು ಗಾಡಿ ಕೇಳಲು ಮಾಡಿದ್ದಾ?

ಜನವರಿಯಲ್ಲಿ ಅಣಕು ನ್ಯಾಯಾಲಯ ಇದೆ. ವಿದ್ಯಾರ್ಥಿಗಳೇ ವಕೀಲರು, ವಿದ್ಯಾರ್ಥಿಗಳೇ ಸಾಕ್ಷಿಗಳು, ನ್ಯಾಯಾಧೀಶನ ಕುರ್ಚಿಯಲ್ಲಿ ಮಾತ್ರ ಕರಿಕೋಟು. ಕಾನೂನು ಕಾಲೇಜಿನವರು, ಊರಿನ ವಕೀಲರು ಎಲ್ಲ ನೋಡಲು ಬರುತ್ತಾರೆ. ಮೊದಲ ವರ್ಷದವರಲ್ಲಿ ವಾದಕ್ಕೆ ಆರಿಸಿದ್ದು ನನ್ನೊಬ್ಬಳನ್ನೇ. ಆರಿಸಿದವನು ಅವನೇ. ನಾನು ಒಂದು ಕೈ ನೋಡಿಯೇ ಬಿಡುತ್ತೇನೆ. ನೀನು ಬರೆದರೂ ಸರಿ, ಬರೆಯದಿದ್ದರೂ ಸರಿ.

ನಿನ್ನ ಮಗಳೇ, ಬೇರೆ ಯಾರಲ್ಲ


ಜನವರಿ 14

ಅಮ್ಮಾ,

ಆಯಿತು! ಕೂತುಕೊಂಡು ಓದು.

ಕಟ್ಟುಕಥೆಯ ಒಂದು ಮೊಕದ್ದಮೆ. ಕಾವಲಿಡದೆ ಮನೆಯಲ್ಲಿ ಕಳ್ಳತನವಾಯಿತೆಂದು ಕಟ್ಟಡದ ಮಾಲೀಕನ ಮೇಲೆ ಒಬ್ಬ ಬಾಡಿಗೆದಾರಳ ದೂರು. ಗುಬ್ಬಿ ಬಾಡಿಗೆದಾರಳು, ನಾನು ಅವಳ ವಕೀಲೆ. ಎದುರಿಗೆ ಮೂರನೇ ವರ್ಷದ ಒಬ್ಬ ಸೂಟುಬೂಟಿನವನು. ಕರಿಕೋಟಿನ ಮುದ್ದಿನ ಶಿಷ್ಯ, ಅವನ ಹಾಗೇ ಕತ್ತು ವಾರೆ ಮಾಡುತ್ತಾನೆ. ಗುಬ್ಬಿ ಕಟಕಟೆಗೆ ಬಂದ ಕೂಡಲೇ ಅವಳಿಗೆ ನೀರಿನ ಲೋಟ ಕೊಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. "ನೀವು ಬಾಗಿಲಿಗೆ ಬೀಗ ಹಾಕೋದು ಮರೀತಿದ್ರಿ" ಅಂದ, ಗುಬ್ಬಿ ಹೂಂ ಅಂದಳು. ಅವಳು ಅಭ್ಯಾಸಬಲದಿಂದ ಅಂದಳು ಅಮ್ಮಾ, ಸತ್ಯವಾಗಿ. ನಾಲ್ಕು ಮಾತಿನಲ್ಲಿ ಅವಳ ಕೈಯಲ್ಲಿ ಎಲ್ಲ ಒಪ್ಪಿಸಿ "ಅಷ್ಟೇ" ಅಂದು ಕೂತ. ಸಭೆಯಲ್ಲಿ ನಗು. ನ್ಯಾಯಾಧೀಶರೂ ಮೀಸೆಯಡಿ ನಕ್ಕರು.

ನಾನು ಎದ್ದೆ. ಗುಬ್ಬಿಯ ಕಡೆ ತಿರುಗಲೇ ಇಲ್ಲ, ನೇರ ಕರಿಕೋಟಿನ ಮುಖ ನೋಡಿ ಮಾತಾಡಿದೆ. ದನಿ ತಗ್ಗಿಸಿ, ಬಹಳ ವಿನಯದಿಂದ, ಅವನೇ ಕಲಿಸಿದ ಹಾಗೆ. "ಮಾನ್ಯರೇ, ನನ್ನ ಸಾಕ್ಷಿ ಸಾಮಾನ್ಯ ಹೆಂಗಸು" ಅಂದೆ. ಅವನು ಕಣ್ಣು ಅರೆಮುಚ್ಚಿ ಹೂಂ ಅಂದ. "ಅವಳಿಗೆ ಕೋರ್ಟು ಹೊಸದು." ಹೂಂ ಅಂದ. "ಹಿರಿಯ ವಕೀಲರಿಗೆ ಅವಳು ಒಪ್ಪಿಕೊಂಡಿಲ್ಲ ಅನ್ನೋದು ಚೆನ್ನಾಗಿ ಗೊತ್ತಿತ್ತು." ಹೂಂ ಅಂದ. "ಗೊತ್ತಿದ್ದೂ ಮೋಸ ಮಾಡಿದರು." "ಹೂಂ, ಮುಂದೆ?" ಅಂದ.

ನಾನು ಬರೆದುಕೊಳ್ಳುವ ಹುಡುಗಿಯ ಕಡೆ ತಿರುಗಿ ಹೇಳಿದೆ. "ಬರ್ಕೊಳಮ್ಮ. ಮಾನ್ಯ ನ್ಯಾಯಾಧೀಶರು ಒಪ್ಪಿದ್ದಾರೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಇಡೀ ಸಭೆ! ಊರಿನ ವಕೀಲರು ಹೊಟ್ಟೆ ಹಿಡಿದುಕೊಂಡು ನಕ್ಕರಮ್ಮ. ಸಲಹೆಯ ಮೇಡಂ ಕರವಸ್ತ್ರ ಬಾಯಿಗೆ ತುರುಕಿಕೊಂಡರು. ಅವನು "ಸದ್ದು! ಸದ್ದು!" ಅಂತ ಮೇಜು ಕುಟ್ಟಿದಷ್ಟೂ ನಗು ಜಾಸ್ತಿಯಾಯಿತು. ಅವನ ಕಿವಿ ಕೆಂಪಾಗಿದ್ದನ್ನು ನಾನು ಕಣ್ಣಾರೆ ನೋಡಿದೆ. ನಗು ಇಳಿದ ಮೇಲೆ "ನಿಮ್ಮ ಹೂಂ ಸಾಕ್ಷಿ ನನ್ನ ಅಮ್ಮ" ಅಂದೆ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಯಾರೂ ನಗಲಿಲ್ಲ.

ಗೆದ್ದದ್ದು ಸೂಟುಬೂಟು. ತೀರ್ಪು ಕೊಡುವವನು ಕರಿಕೋಟೇ ಅಲ್ಲವಾ. ಹೋಗಲಿ ಬಿಡು! ತೀರಿಸಿಕೊಂಡೆ ಅಮ್ಮಾ. ನಾನು ಅವತ್ತು ನಕ್ಕದ್ದಕ್ಕೂ ತೀರಿಸಿಕೊಂಡೆ. ಈಗಲಾದರೂ ಬರೆ.

ನಿನ್ನ ಜಗಳಗಂಟಿ


ಜನವರಿ 25

ಅಮ್ಮಾ,

ನಿನ್ನೆ ಅವನು ತನ್ನ ಆಫೀಸಿಗೆ ಕರೆಸಿದ್ದ. ಗೋಡೆ ತುಂಬ ಪುಸ್ತಕ, ಕಾಲಡಿಯಲ್ಲಿ ಸದ್ದು ಮಾಡದ ರತ್ನಗಂಬಳಿ. ಬೈಯುತ್ತಾನೆ ಅಂದುಕೊಂಡು ಬಾಯಿಗೆ ಬಾಯಿ ಕೊಡಲು ಸಿದ್ಧವಾಗಿ ಹೋಗಿದ್ದೆ. ಅವನು ಬೈಯಲಿಲ್ಲ. "ತಾಯಿ ಹೇಗಿದ್ದಾರಮ್ಮ?" ಅಂತ ಕೇಳಿದ, ಮೆತ್ತಗೆ. ಅವನ ಯಾವ ಮಾತಿಗೂ ನಾನು ಹೂಂ ಅನ್ನಲಿಲ್ಲ.

"ನಿನ್ನಂಥೋಳು ನನ್ನ ಆಫೀಸಲ್ಲಿ ಇರಬೇಕು. ಈ ರಜೆಗೇ ಬಾ. ಕಾನೂನು ಕಾಲೇಜಿಗೆ ನಾನೇ ಬರೆದುಕೊಡ್ತೀನಿ. ಆದ್ರೆ ಊರೋರೆಲ್ಲ ನೋಡಿದ್ದಾರೆ ನೋಡು, ನನ್ನ ಮರ್ಯಾದೇನೂ ಉಳೀಬೇಕಲ್ಲ. ಒಂದು ಕ್ಷಮಾಪಣೆ ಬರೆದುಕೊಡು, ನೋಟಿಸ್ ಬೋರ್ಡಿಗೆ ಹಾಕೋಣ" ಅಂದು ಒಂದು ಖಾಲಿ ಹಾಳೆ ನನ್ನ ಮುಂದೆ ತಳ್ಳಿದ. ಬರೆಯದಿದ್ದರೆ ಅಂದೆ. "ಬರೀದಿದ್ರೆ ಮೂರು ವರ್ಷ ಆದ್ಮೇಲೆ ಆಯ್ಕೆ ಸಮಿತಿ ಮುಂದೆ ನಾವಿಬ್ರೂ ಮತ್ತೆ ಭೇಟಿಯಾಗ್ತೀವಿ. ಆಗ ಹೂಂ ಅನ್ನೋದು ಬಿಡೋದು ನನ್ನ ಇಷ್ಟ" ಅಂದು ನಕ್ಕ. ಹಾಳೆಯನ್ನು ಅಲ್ಲೇ ಹರಿದು ಮೇಜಿನ ಮೇಲಿಟ್ಟು ಬಂದೆ. ಅವನು "ತಿಂಗಳ ಕೊನೇ ತನಕ ಟೈಮಿದೆ ಮಗೂ" ಅಂತ ಹಿಂದಿನಿಂದ ಕೂಗಿ ಹೇಳಿದ. ಮಗು ಅಂತೆ!

ಅವನ ಕಾಲಿಗೆ ಬೀಳುವ ವಕೀಲಿಕೆ ನನಗೆ ಬೇಡ. ನನ್ನ ಕೆಲಸ ಮುಗಿಯಿತು, ಸಭೆಯಲ್ಲಿ ಅವನ ಮಾನ ಹೋಯಿತು, ಸಾಕು. ಮುಂದಿನ ವರ್ಷ ಲೆಕ್ಕಪತ್ರಕ್ಕೆ ಬದಲಾಯಿಸಿಕೊಳ್ಳುತ್ತೇನೆ. ನೀನು ಮೊದಲೇ ಹೇಳಿದ್ದೆ. ನಿನ್ನ ಮಾತೇ ಸರಿ.

ನಿನ್ನ ಮಗಳು


ಜನವರಿ 28

ಜಗಳಗಂಟಿ,

ಇಷ್ಟು ದಿನ ಬರೆಯದೆ ಇದ್ದದ್ದು ನಿನ್ನ ಮೇಲಿನ ಕೋಪಕ್ಕಲ್ಲ. ನೀನು ನಕ್ಕೆ ಅಂತ ಬರೆದಾಗ ಒಂದು ದಿನ ಊಟ ಸೇರಲಿಲ್ಲ, ನಿಜ. ಆಮೇಲೆ ತಿಳಿಯಿತು, ಹುಡುಗಿ ಬಾಯಿ ಕಟ್ಟಿಕೊಂಡು ಕೂರುವುದನ್ನು ಕಲಿತಿದ್ದಾಳೆ, ಪರವಾಗಿಲ್ಲ ಅಂತ. ಬರೆಯಲಿಲ್ಲ ಯಾಕೆಂದರೆ ಪೆನ್ನು ಹಿಡಿದರೆ ಅವನ ಮೇಲಿನ ಸಿಟ್ಟೇ ಹರಿಯುತ್ತಿತ್ತು. ಸೆರಗು ಎಳೆದುಕೊಂಡು ತೋರಿಸಿದನಂತೆ. ನಾನು ತಲೆಯ ಮೇಲೆ ಸೆರಗು ಹೊದ್ದಿದ್ದು ಗಂಡ ಸತ್ತು ವರ್ಷವೂ ಆಗಿರಲಿಲ್ಲ ಅಂತ. ಅದನ್ನು ಆಡಿ ತೋರಿಸಿದ.

ಸಭೆಯಲ್ಲಿ ನೀನು ಮಾಡಿದ್ದನ್ನು ಓದಿ ಆಫೀಸಿನಲ್ಲೇ ಜೋರಾಗಿ ನಕ್ಕೆ, ಗಿರಾಕಿ ಫೋನಿನಲ್ಲಿದ್ದಾಗಲೇ. ನನ್ನ ಹೊಟ್ಟೆ ತಣ್ಣಗಾದದ್ದು ಅದೇ ಮೊದಲು. ಆದರೆ ಮಾರನೇ ಬೆಳಿಗ್ಗೆಗೆ ಮತ್ತೆ ಉರಿಯಲು ಶುರುವಾಯಿತು. ಯೋಚಿಸು. ಎಲ್ಲರೂ ನಕ್ಕರು, ಚಹಾ ಕುಡಿದರು, ಮನೆಗೆ ಹೋದರು. ಅವನ ಕಿವಿ ಕೆಂಪಾಗಿತ್ತು, ಊಟದ ಹೊತ್ತಿಗೆ ಸರಿಹೋಗಿರುತ್ತದೆ. ಕೊಂಡಿ ಬಿಚ್ಚಿದ್ದು ನಿನ್ನಪ್ಪನೇ ಅನ್ನುವ ತೀರ್ಪು ಎಲ್ಲಿತ್ತೋ ಅಲ್ಲೇ ಇದೆ. ಮುಂದಿನ ವಾರ ಅವನು ಇನ್ಯಾವಳಿಗೋ ನೀರಿನ ಲೋಟ ಕೊಡುತ್ತಾನೆ. ಇದನ್ನು ತೀರಿಸಿಕೊಂಡೆ ಅನ್ನುತ್ತೀಯಾ? ನನ್ನ ಸೇಡು ಒಂದು ಮಧ್ಯಾಹ್ನದ ನಗುವಿಗೆ ಮುಗಿಯುವಷ್ಟು ಅಗ್ಗದ್ದಲ್ಲ ಕಣೇ.

ಕ್ಷಮಿಸಿಬಿಡು, ಮರೆತುಬಿಡು ಅಂತ ಬರೆಯುವ ಅಮ್ಮಂದಿರು ಬೇರೆ ಇರುತ್ತಾರೆ, ನಿನಗೆ ಸಿಕ್ಕಿದ್ದು ನಾನು. ಕೋರ್ಸು ಬದಲಾಯಿಸು ಅಂತ ಜುಲೈಯಲ್ಲಿ ಹೇಳಿದ್ದು ಹೆದರಿ. ಈಗ ಹೆದರಿಕೆಯಿಲ್ಲ. ಬದಲಾಯಿಸಿದರೆ ಈ ಮನೆಗೆ ಕಾಲಿಡಬೇಡ.

ಅವನು ಕರೆದು ಕರೆದು ನಿನ್ನನ್ನು ಆಫೀಸಿನ ಒಳಗೆ ಸೇರಿಸಿಕೊಳ್ಳುತ್ತಿದ್ದಾನೆ. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ನಿನ್ನ ಹಲ್ಲು ಕೀಳಬಹುದು ಅಂದುಕೊಂಡಿದ್ದಾನೆ. ಹೋಗು. ಕೂತುಕೊ. ಯಾರಿಗೆ ನೀರು ಕೊಡುತ್ತಾನೆ, ಯಾವಾಗ ದನಿ ಇಳಿಸುತ್ತಾನೆ, ಯಾವ ಮಾತು ಕೇಳಿದರೆ ಅವನ ಬಾಯಿ ಒಣಗುತ್ತದೆ, ಎಲ್ಲ ನೋಡಿಕೊ. ಕದಿಯಬೇಡ, ಸುಳ್ಳು ಹೇಳಬೇಡ, ಅವನ ಬೀರುವಿಗೆ ಕೈ ಹಾಕಬೇಡ. ನೀನು ಒಳ್ಳೆಯ ವಕೀಲೆ ಆಗು, ಅವನಿಗೆ ಅದಕ್ಕಿಂತ ದೊಡ್ಡ ಕೇಡು ಬೇರೆ ಇಲ್ಲ. ಆಮೇಲೆ ಅವನು ಯಾವ ಹೆಂಗಸನ್ನು ಕಟಕಟೆಗೆ ನಿಲ್ಲಿಸಿದರೂ ಅವಳ ಪಕ್ಕದಲ್ಲಿ ನೀನು ನಿಂತಿರಬೇಕು. ಒಂದು ಸಲ ಅಲ್ಲ, ಪ್ರತಿ ಸಲ. ಬೆಳಿಗ್ಗೆ ಎದ್ದು ಕೋಟು ತೊಡುವಾಗ ಅವನಿಗೆ ನಿನ್ನ ಮುಖ ನೆನಪಾಗಿ ಕೈ ತೋಳಿನಲ್ಲೇ ನಿಲ್ಲಬೇಕು. ನಿನ್ನಪ್ಪನ ಮೊಕದ್ದಮೆ ಮತ್ತೆ ತೆರೆಯುವ ದಾರಿ ಇದ್ದರೆ ಅದನ್ನೂ ನೀನೇ ಹುಡುಕಬೇಕು.

ನಾನು ಹನ್ನೆರಡು ವರ್ಷ ಬಾಯಿ ಕಟ್ಟಿ ಕೂತಿದ್ದೇನೆ. ನಿನ್ನ ಓದು ಮುಗಿಯುವ ತನಕ ನೀನು ಕೂರಲಾರೆಯಾ?

ತಿಂಗಳು ಮುಗಿಯಲು ಇನ್ನೂ ದಿನ ಇದೆ. ಕ್ಷಮೆ ಕೇಳಿ ಬರೆ. ಬಗ್ಗಿ ಬರೆ. ಅಕ್ಷರ ದುಂಡಗಿರಲಿ.

ಅಮ್ಮ


ಜನವರಿ 31

ಮಾನ್ಯ ಹಿರಿಯ ವಕೀಲರ ಸನ್ನಿಧಿಗೆ,

ತಮ್ಮ ಅಪ್ಪಣೆಯಂತೆ, ಕಾಲೇಜಿನ ಸೂಚನಾ ಫಲಕದಲ್ಲಿ ಎಲ್ಲರೂ ಓದಲೆಂದು ಈ ಕ್ಷಮಾಪಣೆಯನ್ನು ಬರೆಯುತ್ತಿದ್ದೇನೆ.

ಈ ತಿಂಗಳು ನಡೆದ ಅಣಕು ನ್ಯಾಯಾಲಯದಲ್ಲಿ ನಾನು ತಮ್ಮ ಬಗ್ಗೆ ಆಡಿದ ಮಾತು ಸಭೆಯ ನಗೆಗೆ ಕಾರಣವಾಯಿತು. ಅದಕ್ಕಾಗಿ ಮನಃಪೂರ್ವಕ ವಿಷಾದಿಸುತ್ತೇನೆ. ಅದು ನಗುವ ವಿಷಯವಾಗಿರಲಿಲ್ಲ. ಒಬ್ಬ ವಿಧವೆ ತನ್ನ ಗಂಡನ ಮೇಲೆ ಹೊರಿಸಿದ ತಪ್ಪನ್ನು ಒಪ್ಪಿಕೊಳ್ಳಲಿಲ್ಲವೆಂದು ತಿಳಿದಿದ್ದೂ, ಒಪ್ಪಿಕೊಂಡಳೆಂದು ಬರೆಸಿದ ಸಂಗತಿಯನ್ನು ಒಂದು ಕಾಲೇಜಿನ ಸಭಾಂಗಣದಲ್ಲಿ, ನಿಜವಾದ ನ್ಯಾಯಾಧೀಶರಿಲ್ಲದ ಕಡೆ ಎತ್ತಿದ್ದು ನನ್ನ ಅವಸರ. ಇಂಥ ಮಾತನ್ನು ಎಲ್ಲಿ, ಯಾರ ಮುಂದೆ, ಯಾವ ಅರ್ಹತೆಯೊಂದಿಗೆ ಹೇಳಬೇಕೆಂಬ ತಿಳುವಳಿಕೆ ನನಗೆ ಆಗ ಇರಲಿಲ್ಲ. ಇನ್ನು ಮುಂದೆ ಆ ತಪ್ಪು ಮಾಡುವುದಿಲ್ಲ.

ತಮ್ಮ ಕಚೇರಿಯಲ್ಲಿ ಕೂತು ಕಲಿಯಲು ತಾವು ಕೊಟ್ಟ ಅವಕಾಶವನ್ನು ಕೃತಜ್ಞತೆಯಿಂದ ಒಪ್ಪಿಕೊಂಡಿದ್ದೇನೆ. ತಾವು ಹೇಳುವ ಒಂದು ಮಾತನ್ನೂ ಮರೆಯುವುದಿಲ್ಲ. ಇದುವರೆಗೆ ಹೇಳಿದ್ದನ್ನೂ ಮರೆತಿಲ್ಲ.

ತಮ್ಮ ಆರೋಗ್ಯದ ಬಗ್ಗೆ ನನ್ನ ತಾಯಿ ಆಗಾಗ ವಿಚಾರಿಸುತ್ತಿರುತ್ತಾರೆ. ನಾನು ಓದು ಮುಗಿಸಿ ಕಪ್ಪು ಕೋಟು ತೊಟ್ಟು ಕೋರ್ಟಿಗೆ ಬರುವ ದಿನದವರೆಗೆ ತಾವು ಗಟ್ಟಿಮುಟ್ಟಾಗಿ ಇದೇ ವೃತ್ತಿಯಲ್ಲಿ ಇರಬೇಕೆಂಬುದು ಅವರ ಹಾರೈಕೆ. ನನ್ನದೂ ಅದೇ.

ತಮ್ಮ ವಿಧೇಯ ವಿದ್ಯಾರ್ಥಿನಿ